ಹೆಲ್ಸಿಂಕಿಯಿಂದ ಟೋಕಿಯೋಗೆ ಎಷ್ಟು ದೂರ? ಯಾವ ವರ್ಷದ್ದು ಬೇಕು ಹೇಳಿ

ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ ಟೋಕಿಯೋಗೆ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕಿ ನೋಡಿ. ಸುಮಾರು 7,800 ಕಿಲೋಮೀಟರ್ ಎಂಬ ಉತ್ತರ ಥಟ್ಟನೆ ಬರುತ್ತದೆ. ಭೂಗೋಳದ ಮೇಲೆ ದಾರ ಹಿಡಿದು ಅಳೆದರೆ ಲೆಕ್ಕ ಸರಿಯೇ. ಆದರೆ 2022ರ ಫೆಬ್ರವರಿ ಕೊನೆಯಿಂದೀಚೆಗೆ ಅಲ್ಲಿನ ವಿಮಾನ ಸಂಸ್ಥೆ ಫಿನ್‌ಏರ್‌ಗೆ ಆ ದಾರಿ ಮುಚ್ಚಿಹೋಗಿದೆ. ಹಾರಲಾಗದ ದಾರಿಯ ಉದ್ದವನ್ನು ಪ್ರಯಾಣಿಕನಿಗೆ ಹೇಳಿ ಏನು ಪ್ರಯೋಜನ? ದೂರ ಹೇಳುವವರು ತಾರೀಖನ್ನೂ ಹೇಳಬೇಕು ಎನ್ನುವುದು ನನ್ನ ವಾದ.

ಆ ನೇರ ದಾರಿ ಬಹುಪಾಲು ರಷ್ಯಾದ ಮೇಲೆಯೇ ಹಾಯುತ್ತದೆ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶವನ್ನು ತಪ್ಪಿಸಲು ಎಷ್ಟೋ ವಿಮಾನಗಳು ಉತ್ತರ ಧ್ರುವದ ಕಡೆಯಿಂದ ಸುತ್ತುತ್ತಿದ್ದವು. 1957ರಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಕೋಪನ್‌ಹೇಗನ್–ಟೋಕಿಯೋ ಸಂಚಾರ ಆರಂಭಿಸಿದಾಗ, ನಡುವೆ ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಿತ್ತು. ಆ ನಿಲ್ದಾಣದಲ್ಲಿ ಉದೋನ್ ಎಂಬ ದಪ್ಪ ಶ್ಯಾವಿಗೆಯ ಬಿಸಿ ಸಾರು ಕೊಡುವ ಅಂಗಡಿಯೊಂದಿತ್ತು. ಜಪಾನಿನ ಹಳಬರಿಗೆ ಯುರೋಪ್ ಪ್ರವಾಸವೆಂದರೆ ಅದೂ ನೆನಪಾಗುತ್ತದೆ. 1983ರಲ್ಲಿ ಫಿನ್‌ಏರ್ ಡಿಸಿ-10 ವಿಮಾನಕ್ಕೆ ಹೆಚ್ಚುವರಿ ಇಂಧನ ಟ್ಯಾಂಕ್ ಅಳವಡಿಸಿ, ಧ್ರುವದ ಮೇಲಿಂದ ಎಲ್ಲಿಯೂ ನಿಲ್ಲದೆ ಟೋಕಿಯೋ ತಲುಪಿತು. ಹಿಡಿದದ್ದು ಸುಮಾರು 13 ಗಂಟೆ.

ಮುಂದೆ ರಷ್ಯಾದ ಸೈಬೀರಿಯಾದ ಆಕಾಶ ತೆರೆಯಿತು. ಪ್ರಯಾಣ ಒಂಬತ್ತೂವರೆ ಗಂಟೆಯ ಆಸುಪಾಸಿಗೆ ಇಳಿಯಿತು. ಏಷ್ಯಾಕ್ಕೆ ಹತ್ತಿರದ ದಾರಿ ನಮ್ಮೂರಿನ ಮೂಲಕವೇ ಎಂದು ಹೇಳಿಕೊಂಡೇ ಫಿನ್‌ಏರ್ ತನ್ನ ವ್ಯಾಪಾರ ಬೆಳೆಸಿತು. ಉಕ್ರೇನ್ ಯುದ್ಧ ಶುರುವಾಯಿತು; ಯುರೋಪ್ ರಷ್ಯಾದ ವಿಮಾನಗಳನ್ನು ತಡೆಯಿತು, ರಷ್ಯಾ ಯುರೋಪಿನವನ್ನು ತಡೆಯಿತು. ಮತ್ತೆ 13 ಗಂಟೆ! ಡಿಸಿ-10 ಹೋಗಿ ಅತ್ಯಾಧುನಿಕ ಏರ್‌ಬಸ್ ಎ350 ಬಂದಿದೆ, ಗಡಿಯಾರ ಮಾತ್ರ 1983ರಲ್ಲೇ ನಿಂತಿದೆ. ತಂತ್ರಜ್ಞಾನ ಜಗತ್ತನ್ನು ಚಿಕ್ಕದು ಮಾಡಿತು ಎಂದು ಭಾಷಣ ಬಿಗಿಯುವವರನ್ನು ಈ ವಿಮಾನದಲ್ಲಿ ಒಮ್ಮೆ ಕೂರಿಸಬೇಕು, ಅದೂ ನಡುವಿನ ಸೀಟಿನಲ್ಲಿ.

ಈಗ ಅಂದಂದಿನ ಗಾಳಿ ನೋಡಿಕೊಂಡು ಉತ್ತರದ ಸುತ್ತೋ ದಕ್ಷಿಣದ ಸುತ್ತೋ ಎಂದು ತೀರ್ಮಾನಿಸುತ್ತಾರೆ. ಉತ್ತರಕ್ಕೆ ಹೋದರೆ ಚಳಿಯ ಲೆಕ್ಕವೂ ಸೇರಿಕೊಳ್ಳುತ್ತದೆ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯ ಹೊತ್ತಿಗೆ ಹೆಪ್ಪುಗಟ್ಟಬಹುದು. ಹೊರಗಿನ ಗಾಳಿ ಅದಕ್ಕಿಂತಲೂ ತಣ್ಣಗಿರುತ್ತದೆ. ಆದ್ದರಿಂದ ಪೈಲಟ್‌ಗಳು ಟ್ಯಾಂಕಿನ ಉಷ್ಣಾಂಶದ ಮೇಲೆ ಕಣ್ಣಿಟ್ಟಿರುತ್ತಾರೆ, ಬೇಕಾದರೆ ಕೆಳಗಿಳಿದು ಬೆಚ್ಚಗಿನ ಪದರ ಹುಡುಕುತ್ತಾರೆ. ಪ್ರಯಾಣಿಕರಿಗೆ ಧ್ರುವ ದಾಟಿದ್ದಕ್ಕೆ ಪ್ರಮಾಣಪತ್ರ ಕೊಡುವ ಪದ್ಧತಿಯೂ ಶುರುವಾಯಿತು. ಮೂರೂವರೆ ಗಂಟೆ ಹೆಚ್ಚಿಗೆ ಕೂರಿಸಿ ಕೈಗೊಂದು ಕಾಗದ ಕೊಡುವ ಈ ಜಾಣತನವನ್ನು ಮೆಚ್ಚಲೇಬೇಕು.

ಚೀನಾದ ವಿಮಾನಗಳಿಗೆ ರಷ್ಯಾ ದಾರಿ ಬಿಟ್ಟಿದೆ. ಎಂದರೆ ಯುರೋಪ್ ಮತ್ತು ಏಷ್ಯಾದ ನಡುವಿನ ದೂರ ವಿಮಾನದ ಬಾಲದ ಮೇಲಿನ ಬಾವುಟವನ್ನೂ ಅವಲಂಬಿಸಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಆಕಾಶ ಮುಚ್ಚಿದಾಗ ದೆಹಲಿಯಿಂದ ಯುರೋಪಿಗೆ ಹೋಗುವ ನಮ್ಮ ವಿಮಾನಗಳಿಗೂ ಇದೇ ಪಾಡಾಯಿತು. ಅರಬ್ಬೀ ಸಮುದ್ರದ ಕಡೆಗೆ ಬಳಸಿ ಹೋಗಬೇಕಾಯಿತು. ಹಾಗಾಗಿ ದೂರದ ಟಿಕೆಟ್ ಕೊಳ್ಳುವಾಗ ಕಿಲೋಮೀಟರ್ ಬಿಡಿ, ಹಿಂದಿನ ವಾರ ಅದೇ ವಿಮಾನ ಎಲ್ಲೆಲ್ಲಿ ಹಾದು ಹೋಯಿತು ಎಂಬುದನ್ನು ವಿಮಾನಗಳ ಜಾಡು ತೋರಿಸುವ ತಾಣಗಳಲ್ಲಿ ನೋಡಿ. ಮುಂದಿನ ವಿಮಾನ ಹಿಡಿಯಲು ನಡುವೆ ಬರೀ ಒಂದು ಗಂಟೆ ಇರುವ ಟಿಕೆಟನ್ನಂತೂ ಕೊಳ್ಳಬೇಡಿ.