ಅದೇ ಹೆಸರು, ಬೇರೆ ಗ್ಲಾಸು

ನಮಸ್ಕಾರ. ಬಿಯರನ್ನು ತಾನೇ ತಯಾರಿಸಿ ಅಲ್ಲೇ ಮಾರುವ ಬೆಂಗಳೂರಿನ ಒಂದು ಮೈಕ್ರೊಬ್ರೂವರಿಯಲ್ಲಿ ಮೂರು ವಾರಗಳ ಅಂತರದಲ್ಲಿ ನಾನು ಎರಡು ಸಲ ಕುಡಿದ, ಒಂದೇ ಹೆಸರಿನ ಗೋಧಿ ಬಿಯರ್ ಬಗ್ಗೆ ಇಂದು ಮಾತನಾಡುತ್ತೇನೆ. ಮೊದಲ ಸಲ ಗ್ಲಾಸನ್ನು ಮೂಗಿನ ಬಳಿ ತಂದ ಕೂಡಲೇ ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣಿನ ಪರಿಮಳ ಬಂದಿತ್ತು, ಅದರ ಬೆನ್ನಿಗೇ ತೆಳುವಾಗಿ ಲವಂಗ. ಎರಡನೆಯ ಸಲವೂ ಬಣ್ಣ ಅದೇ ಮಬ್ಬು ಹಳದಿ, ನೊರೆಯೂ ಅಷ್ಟೇ ದಪ್ಪ; ಆದರೆ ಬಾಳೆಹಣ್ಣು ಹಿಂದೆ ಸರಿದು ಲವಂಗವೇ ಮುಂದೆ ನಿಂತಿತ್ತು. ಜೊತೆಗಿದ್ದ ಗೆಳೆಯರು, ಇಲ್ಲಿ ಗುಣಮಟ್ಟ ಬಿದ್ದುಹೋಗಿದೆ ಎಂದು ಆಗಲೇ ತೀರ್ಪು ಕೊಟ್ಟರು. ಆ ತೀರ್ಪನ್ನು ನಾನು ಒಪ್ಪುವುದಿಲ್ಲ.

ಜರ್ಮನಿಯ ಬವೇರಿಯಾದ ಹೆಫೆವೈಟ್ಸೆನ್ ಶೈಲಿಯ ಈ ಬಿಯರಿಗೆ ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕುವುದಿಲ್ಲ. ಬಾಳೆಹಣ್ಣಿನ ಪರಿಮಳಕ್ಕೆ ಕಾರಣ ಐಸೊಅಮೈಲ್ ಅಸಿಟೇಟ್ ಎಂಬ ರಾಸಾಯನಿಕ, ಲವಂಗದ ಘಾಟಿಗೆ ಕಾರಣ 4-ವಿನೈಲ್ ಗ್ವಾಯಕಾಲ್ ಎಂಬ ಇನ್ನೊಂದು; ಎರಡನ್ನೂ ತಯಾರಿಸುವುದು ಬಿಯರನ್ನು ಹುದುಗಿಸುವ ಯೀಸ್ಟ್. ಹುದುಗುವ ಟ್ಯಾಂಕಿನ ಉಷ್ಣತೆ ಎರಡು ಮೂರು ಡಿಗ್ರಿ ಏರಿದರೆ ಸಾಮಾನ್ಯವಾಗಿ ಬಾಳೆಹಣ್ಣು ಮೇಲುಗೈ ಪಡೆಯುತ್ತದೆ. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು, ಬಿಸಿನೀರಿನಲ್ಲಿ ನೆನೆಸುವ ಹಂತದಲ್ಲಿ ಸುಮಾರು 45 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ತಡೆದು ನಿಲ್ಲಿಸಿದರೆ, ಲವಂಗಕ್ಕೆ ಮೂಲವಾದ ಫೆರುಲಿಕ್ ಆಮ್ಲ ಹೆಚ್ಚು ಬಿಡುಗಡೆಯಾಗುತ್ತದೆ. ಇದರ ಮೇಲೆ, ನಾವು ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವಂತೆ, ಬ್ರೂವರುಗಳು ಒಂದು ಬ್ಯಾಚಿನ ತಳದಲ್ಲಿ ಉಳಿದ ಯೀಸ್ಟನ್ನೇ ತೆಗೆದು ಮುಂದಿನ ಬ್ಯಾಚಿಗೆ ಹಾಕುತ್ತಾರೆ. ಕೆಲವು ತಲೆಮಾರು ಕಳೆದ ಮೇಲೆ ಅದರ ಸ್ವಭಾವವೂ ಬದಲಾಗಬಹುದು. ದೊಡ್ಡ ಕಾರ್ಖಾನೆಗಳು ಹಲವು ಟ್ಯಾಂಕುಗಳ ಬಿಯರನ್ನು ಬೆರೆಸಿ ಇಂಥ ಏರಿಳಿತವನ್ನು ಸಮ ಮಾಡುತ್ತವೆ. ಒಂದು ಟ್ಯಾಂಕಿನಿಂದ ನೇರವಾಗಿ ನಲ್ಲಿಗೆ ಬರುವ ಬಿಯರಿನಲ್ಲಿ ಅದು ಉಳಿದಿರುವುದನ್ನು ನಾನು ಮನಸಾರೆ ಇಷ್ಟಪಡುತ್ತೇನೆ.

ಹಾಗೆಂದು ಎರಡು ಗ್ಲಾಸು ಕುಡಿದು ಎರಡು ಬ್ಯಾಚುಗಳ ಬಗ್ಗೆ ಖಚಿತವಾಗಿ ಹೇಳಬಹುದೇ? ಈ ಪ್ರಶ್ನೆಗೆ ಬಿಯರಿನ ಲೋಕದಲ್ಲೇ ಒಂದು ಗೌರವದ ಇತಿಹಾಸವಿದೆ. 1899ರಲ್ಲಿ ಡಬ್ಲಿನ್‌ನ ಗಿನ್ನೆಸ್ ಬಿಯರ್ ಸಂಸ್ಥೆಗೆ ಸೇರಿದ ವಿಲಿಯಂ ಸೀಲಿ ಗಾಸೆಟ್, ಬೆರಳೆಣಿಕೆಯ ಮಾದರಿಗಳಿಂದ ಎಷ್ಟರ ಮಟ್ಟಿಗೆ ತೀರ್ಮಾನಕ್ಕೆ ಬರಬಹುದು ಎಂಬುದನ್ನು ಲೆಕ್ಕ ಹಾಕಲು ಹೊರಟು, 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಬಂಧ ಪ್ರಕಟಿಸಿದರು. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಕಲಿಯುವ ಟಿ-ಪರೀಕ್ಷೆ ಅಲ್ಲಿಂದ ಬಂದದ್ದು. ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದನ್ನು ತೆರೆದು ನೋಡಿದಾಗ, ಎರಡನೆಯ ಸಲ ಬಿಯರಿಗೆ ಮೊದಲೇ ಖಾರದ ಚಿಕನ್ ಕಬಾಬ್ ತಿಂದಿದ್ದೆನೆಂಬುದು ಕಂಡಿತು. ಆದ್ದರಿಂದ ಮಾರನೆಯ ದಿನ ಬರಿಹೊಟ್ಟೆಯಲ್ಲಿ ಅಲ್ಲಿಗೇ ಹೋಗಿ ಅರ್ಧ ಗ್ಲಾಸು ತರಿಸಿದೆ. ಲವಂಗ ಅಷ್ಟೇ ಸ್ಪಷ್ಟವಾಗಿತ್ತು. ಆಗ ಮಾತ್ರ ವ್ಯತ್ಯಾಸ ಬಿಯರಿನದೇ ಎಂದು ನಂಬಿದೆ.

ಆದರೆ ಎಲ್ಲ ವ್ಯತ್ಯಾಸವನ್ನೂ ಕೈಕಸುಬಿನ ಸೊಗಸು ಎಂದು ಮನ್ನಿಸಲಾಗದು. ಕಳೆದ ವರ್ಷ ಬೇರೊಂದು ಕಡೆ ಕುಡಿದ ಲಾಗರಿನಲ್ಲಿ (ತಂಪಿನಲ್ಲಿ ಹುದುಗಿಸುವ ಬಿಯರ್) ಕರಗಿದ ಬೆಣ್ಣೆಯ ವಾಸನೆ ಬಂತು, ನಾಲಿಗೆಯ ಮೇಲೆ ಜಿಡ್ಡಿನ ಪದರ ಉಳಿಯಿತು. ಇದಕ್ಕೆ ಕಾರಣ ಡಯಾಸಿಟೈಲ್, ಹುದುಗುವಾಗ ಹುಟ್ಟುವ ಒಂದು ರಾಸಾಯನಿಕ. ಯೀಸ್ಟಿಗೆ ಇನ್ನೆರಡು ಮೂರು ದಿನ ಬಿಟ್ಟುಕೊಟ್ಟರೆ ಅದನ್ನು ಯೀಸ್ಟೇ ಮರಳಿ ಹೀರಿಕೊಳ್ಳುತ್ತದೆ. ಅವಸರದಿಂದ ತಣ್ಣಗಾಗಿಸಿದರೆ ಉಳಿದುಬಿಡುತ್ತದೆ. ನಲ್ಲಿಯ ಕೊಳವೆಗಳನ್ನು ಸರಿಯಾಗಿ ತೊಳೆಯದಿದ್ದಾಗಲೂ ಬ್ಯಾಕ್ಟೀರಿಯಾಗಳಿಂದ ಇದೇ ವಾಸನೆ ಬರುತ್ತದೆ. ಕೇಳಿದಾಗ ಸಿಕ್ಕ ಉತ್ತರ, "ಕ್ರಾಫ್ಟ್ ಬಿಯರ್ ಅಲ್ವಾ ಸರ್, ಪ್ರತಿ ಸಲ ಬೇರೆ ಥರಾನೇ ಇರುತ್ತೆ" ಎಂಬುದು. ಈ ಮಾತು ನನಗೆ ನಿಜಕ್ಕೂ ನೋವು ತಂದಿತು, ಏಕೆಂದರೆ ಶ್ರದ್ಧೆಯಿಂದ ಕೆಲಸ ಮಾಡುವ ಬ್ರೂವರುಗಳ ಹೆಸರನ್ನೂ ಅದು ಕೆಡಿಸುತ್ತದೆ.

ನಾನು ಕೇಳುವುದು ಇಷ್ಟೇ. ಗೋಡೆಯ ಕಪ್ಪು ಹಲಗೆಯಲ್ಲಿ ಬಿಯರಿನ ಹೆಸರು, ಆಲ್ಕೋಹಾಲ್ ಪ್ರಮಾಣ, ಬೆಲೆ ಬರೆಯುವವರು, ಬ್ಯಾಚಿನ ಸಂಖ್ಯೆ ಮತ್ತು ಅದನ್ನು ನಲ್ಲಿಗೆ ಜೋಡಿಸಿದ ದಿನಾಂಕವನ್ನೂ ಬರೆಯಲಿ. ಆ ಗೋಧಿ ಬಿಯರಿನ ಜಾಗದಲ್ಲಿ ಇದನ್ನು ಕೇಳಿದಾಗ ಬ್ರೂವರ್ ಒಳಗಿನಿಂದ ತಮ್ಮ ದಿನಚರಿಯನ್ನೇ ತಂದು ತೋರಿಸಿದರು: ಮೊದಲ ಬ್ಯಾಚ್ 22 ಡಿಗ್ರಿಯಲ್ಲಿ ಹುದುಗಿತ್ತು, ಎರಡನೆಯದು 18ರಲ್ಲಿ.