ನನ್ನ ನಂಬರಿನಲ್ಲಿ ಇನ್ನೊಬ್ಬರ ಖಾತೆ

ಕಾರವಾರದ ಕಡಲತೀರದಿಂದ ಪೇಟೆಗೆ ಬರುವ ದಾರಿ ಇದು. ಮಳೆಗಾಲದ ಆರಂಭದಲ್ಲಿ ಕೊಡೆಯೊಂದನ್ನು ಕೊಳ್ಳಲು ಇಲ್ಲಿನ ಒಂದು ದೊಡ್ಡ ಮಳಿಗೆಗೆ ಹೋಗಿದ್ದೆ. ಬಿಲ್ ಮಾಡುವ ಹುಡುಗಿ ಕೊಡೆಯನ್ನು ಮುಟ್ಟುವ ಮೊದಲೇ "ನಂಬರ್ ಹೇಳಿ ಸರ್" ಎಂದಳು, ಹೇಳಿದೆ. ಪರದೆಯ ಮೇಲೆ ಮೂಡಿದ್ದು ಯಾರೋ ಮಹಿಳೆಯ ಹೆಸರು, ಕೆಳಗೆ ಹಿಂದಿನ ಖರೀದಿಗಳಿಗೆ ಸಿಕ್ಕ 340 ಪಾಯಿಂಟ್, ಕೊನೆಯ ಖರೀದಿಯ ಸಾಲಿನಲ್ಲಿ ಹಸುಗೂಸಿನ ಕುಲಾವಿ ಮತ್ತು ಎರಡು ಜೊತೆ ಬಟ್ಟೆ. "ಬಿಲ್ಲಿನಲ್ಲಿ ಪಾಯಿಂಟ್ ಕಳೆದುಬಿಡಲಾ ಸರ್?" ಎಂದು ಆಕೆ ಸಹಜವಾಗಿಯೇ ಕೇಳಿದಳು.

ಆ ಸಿಮ್ ನನ್ನ ಕೈಗೆ ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ರದ್ದಾದ ಮೊಬೈಲ್ ಸಂಖ್ಯೆಯನ್ನು 90 ದಿನಗಳ ನಂತರ ಬೇರೊಬ್ಬರಿಗೆ ಕೊಡಲು ಅವಕಾಶವಿದೆ. ಆದರೆ ಮಳಿಗೆಯ ಕಂಪ್ಯೂಟರಿಗೆ ಗಿರಾಕಿಯೆಂದರೆ ಆ ಹತ್ತು ಅಂಕಿಗಳೇ ಆಗಿರುವುದರಿಂದ, ಯಾವ ದಿನ ಏನನ್ನು ಎಷ್ಟಕ್ಕೆ ಕೊಂಡರು ಎಂಬುದೆಲ್ಲ ಅದಕ್ಕೇ ಅಂಟಿಕೊಂಡು, ಸಂಖ್ಯೆ ಕೈ ಬದಲಾದಾಗ ಅಪರಿಚಿತನ ಎದುರು ತೆರೆದುಕೊಳ್ಳುತ್ತದೆ.

ಶಿರಸಿಯಲ್ಲಿ ನನ್ನ ದೊಡ್ಡಪ್ಪನ ಕಿರಾಣಿ ಅಂಗಡಿಯಲ್ಲಿಯೂ ಗಿರಾಕಿಗಳ ಮಾಹಿತಿ ಇತ್ತು. ಕೊನೆಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ ಯಾರು ಬಾಕಿ ತೀರಿಸುವವರು, ಯಾರ ಮನೆಗೆ ಸಕ್ಕರೆ ಹೆಚ್ಚು ಹೋಗುತ್ತಿದೆ ಎಂಬುದೆಲ್ಲ ಉದ್ರಿ ಪುಸ್ತಕದಲ್ಲಿಯೂ ಅವರ ತಲೆಯಲ್ಲಿಯೂ ಇರುತ್ತಿತ್ತು. ಅದೇನೂ ಆದರ್ಶವಲ್ಲ, ಯಾರ ಸಾಲ ಎಷ್ಟೆಂಬುದು ಅರ್ಧ ಕೇರಿಗೆ ಗೊತ್ತಿರುತ್ತಿತ್ತು. ಆದರೆ ಬಾಕಿ ತೀರಿದೊಡನೆ ದೊಡ್ಡಪ್ಪ ಆ ಪುಟದ ಮೇಲೆ ಅಡ್ಡಗೆರೆ ಎಳೆಯುತ್ತಿದ್ದರು, ಪುಸ್ತಕ ತುಂಬಿದರೆ ಅದು ಅಟ್ಟಕ್ಕೆ ಹೋಗಿ ಗೆದ್ದಲಿನ ಪಾಲಾಗುತ್ತಿತ್ತು.

ಕಂಪ್ಯೂಟರಿನ ಪುಸ್ತಕಕ್ಕೆ ಗೆದ್ದಲಿಲ್ಲ, ಬದಲಿಗೆ ಲೆಕ್ಕಾಚಾರವಿದೆ. ಅಮೆರಿಕದ ಟಾರ್ಗೆಟ್ ಮಳಿಗೆಗಳು ಸುಮಾರು 25 ಬಗೆಯ ವಸ್ತುಗಳ ಖರೀದಿಯನ್ನು ಒಟ್ಟಿಗೆ ನೋಡಿ ಯಾವ ಗ್ರಾಹಕಿ ಗರ್ಭಿಣಿಯಿರಬಹುದೆಂದು ಅಂದಾಜಿಸುತ್ತಿದ್ದ ಸಂಗತಿ 2012ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಮರುವರ್ಷ ಅದೇ ಕಂಪನಿಯಿಂದ ಗ್ರಾಹಕರ ಸುಮಾರು 4 ಕೋಟಿ ಡೆಬಿಟ್, ಕ್ರೆಡಿಟ್ ಕಾರ್ಡುಗಳ ವಿವರ ಕಳುವಾಯಿತು.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮೊಬೈಲ್ ಸಂಖ್ಯೆ ಕೊಡದಿದ್ದರೆ ಬಿಲ್ ಮಾಡುವುದಿಲ್ಲವೆಂದು ಪಟ್ಟು ಹಿಡಿಯಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿಯೇ ಅಂಗಡಿಗಳಿಗೆ ತಿಳಿಸಿದೆ. ಒತ್ತಾಯಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದೇ ವರ್ಷದ ದತ್ತಾಂಶ ಸಂರಕ್ಷಣಾ ಕಾಯ್ದೆಯು ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ, ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕುಗಳನ್ನು ಕೊಟ್ಟಿದೆಯಾದರೂ, ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಮುಖ್ಯ ಹೊಣೆಗಾರಿಕೆಗಳ ಜಾರಿಗೆ ಅಲ್ಲಿಂದ ಮುಂದೆ 18 ತಿಂಗಳ ಗಡುವು.

ಆ ಖಾತೆಯನ್ನು ಅಳಿಸಿರೆಂದು ಮ್ಯಾನೇಜರನ್ನು ಕೇಳಿದೆ. "ಡೇಟಾ ಎಲ್ಲ ಹೆಡ್ ಆಫೀಸಿನಲ್ಲಿದೆ ಸರ್, ನಮ್ಮ ಕೈಯಲ್ಲಿಲ್ಲ" ಎಂದರು. ಹೆಡ್ ಆಫೀಸಿಗೆ ಬರೆದ ಎರಡು ಇಮೇಲ್‌ಗಳಿಗೆ ಉತ್ತರವಿಲ್ಲ. ಈಗ ಈ ವಿಡಿಯೊದ ಪರದೆಯ ಮೇಲೆ, ಹೆಸರನ್ನು ಮಸುಕುಮಾಡಿ ನಾನು ತೋರಿಸುತ್ತಿರುವುದು ಕಳೆದ ವಾರ ಬಂದ ಸಂದೇಶ. ಆ ತಾಯಿಯ ಹೆಸರು ಹಿಡಿದು, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬಟ್ಟೆಗಳ ಮೇಲೆ ರಿಯಾಯಿತಿ ಇದೆಯೆಂದು ನನಗೆ ಬರೆದಿದ್ದಾರೆ.