ಪಿರಮಿಡ್ ಕಟ್ಟಿದ್ದು ಏಲಿಯನ್ನಂತೆ! ಶಹಾಬಾದಿಗೆ ಬಾ ತಮ್ಮಾ

ನಮಸ್ಕಾರ್ರೀ, ಕಲಬುರಗಿಯಿಂದ ಮಾತಾಡುತ್ತಿದ್ದೇನೆ. ಫ್ಯಾನಿನ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ. ಅದನ್ನು ಆಫ್ ಮಾಡಿದರೆ ವಿಡಿಯೊ ಇರುತ್ತದೆ, ನಾನಿರಲ್ಲ.

ಹೋದ ವಾರ ಪಿರಮಿಡ್ ಬಗ್ಗೆ ಹೇಳಿದ್ದೆ. ಕೆಳಗೊಬ್ಬ ಬರೆದಿದ್ದಾನೆ: "ಅಣ್ಣಾ, ಇದು ಮನುಷ್ಯರ ಕೈಲಾಗೋ ಕೆಲಸ ಅಲ್ಲ, ಏಲಿಯನ್ ಕಟ್ಟಿದ್ದು." ಅದಕ್ಕೆ ನನ್ನ ವಿಡಿಯೊಗಿಂತ ಜಾಸ್ತಿ ಲೈಕು! ಹೊಟ್ಟೆ ಉರಿಯಲ್ವಾ?

ತಮ್ಮಾ, ಕಲ್ಲು ಒಡೆಯೋರನ್ನ ಯಾವತ್ತಾದರೂ ನೋಡಿದ್ದೀಯಾ? ನಮ್ಮ ಮಾವ ಶಹಾಬಾದ್ ಕಡೆ ಫರಸಿ ಕಲ್ಲಿನ ಗಣಿಯಲ್ಲಿ ದುಡಿದವರು. ಸುತ್ತಿಗೆಯಿಂದ ಎರಡು ಸಲ ತಟ್ಟಿ, ಸದ್ದು ಕೇಳಿಯೇ ಪದರ ಎಲ್ಲಿ ಬಿಡುತ್ತದೆ ಅಂತ ಹೇಳುತ್ತಿದ್ದರು. ಗೆರೆ ಹಿಡಿದು ಉಳಿ ಹೊಡೆಯೋದು, ಸಂದಿಗೆ ಹಾರೆ ತೂರಿಸಿ ಮೀಟೋದು. ಹಂಚಿನ ಮೇಲಿಂದ ರೊಟ್ಟಿ ಎದ್ದ ಹಾಗೆ ಚಪ್ಪಡಿ ಏಳುತ್ತಿತ್ತು. ಮಾವ ಓದಿದ್ದು ನಾಲ್ಕನೇ ಕ್ಲಾಸು. ಯಾವ ಗ್ರಹದಿಂದಲೂ ಬಂದವರಲ್ಲ, ಅತ್ತೆ ಮಾತ್ರ ಆಗಾಗ ಹಾಗೆ ಬೈಯುತ್ತಿದ್ದರು.

ಈಗ ಈಜಿಪ್ಟಿಗೆ ಬನ್ನಿ. 2013ರಲ್ಲಿ ಕೆಂಪು ಸಮುದ್ರದ ದಡದಲ್ಲಿ ಪಪೈರಸ್, ಅಂದರೆ ಜೊಂಡಿನ ಕಾಗದದ ಹಾಳೆಗಳು ಸಿಕ್ಕವು. ಮೆರೆರ್ ಅನ್ನೋ ಮೇಸ್ತ್ರಿಯ ದಿನಚರಿ ಅದು, 4,500 ವರ್ಷಕ್ಕೂ ಹಳೆಯದು. ಟುರಾ ಗಣಿಯಿಂದ ದೋಣಿಯಲ್ಲಿ ಸುಣ್ಣದ ಕಲ್ಲು ಹೇರಿಕೊಂಡು ಪಿರಮಿಡ್ ಇರೋ ಗೀಜಾಕ್ಕೆ ಹೋಗಿದ್ದು, ವಾಪಸ್ ಬಂದಿದ್ದು, ದಿನದಿನದ ಲೆಕ್ಕ ಬರೆದಿದ್ದಾನೆ. ಅಂದರೆ ಹಾಜರಿ ಪುಸ್ತಕ! ಏಲಿಯನ್ ಹಾಜರಿ ಹಾಕುತ್ತಾ? ಗೀಜಾದಲ್ಲಿ ಕೆಲಸಗಾರರ ಊರೇ ಸಿಕ್ಕಿದೆ, ಬ್ರೆಡ್ಡು ಸುಡುತ್ತಿದ್ದ ಒಲೆಗಳ ಸಮೇತ. ದುಡಿಯೋನಿಗೆ ಹಸಿವಾಗುತ್ತೆ ಸ್ವಾಮಿ.

"ಇವತ್ತಿನ ಕ್ರೇನಿಗೂ ಆಗಲ್ಲ" ಅಂತಾನೆ ಇನ್ನೊಬ್ಬ. ನೀನು ಕ್ರೇನ್ ಆಪರೇಟರಾ? ಈಜಿಪ್ಟಿನದೇ ಆಸ್ವಾನಿನಲ್ಲಿ ಒಂದು ಒಬೆಲಿಸ್ಕ್, ಅಂದರೆ ಒಂದೇ ಕಲ್ಲಿನ ಎತ್ತರದ ಕಂಬ, ಅರ್ಧಕ್ಕೇ ಬಿದ್ದಿದೆ. ಸುಮಾರು 42 ಮೀಟರ್ ಉದ್ದ, ಸಾವಿರ ಟನ್ನಿಗೂ ಜಾಸ್ತಿ ತೂಕ. ಬಂಡೆಯಲ್ಲೇ ಕಡಿಯುವಾಗ ಬಿರುಕು ಬಿಟ್ಟಿತು, ಅಲ್ಲೇ ಬಿಟ್ಟು ಎದ್ದು ಹೋದರು. ನಕ್ಷತ್ರ ದಾಟಿ ಬಂದವನ ಕೈಯಲ್ಲಿ ಕಲ್ಲು ಬಿರುಕು ಬಿಡ್ತಂತೆ! ಮನುಷ್ಯರದ್ದು ಕಣಪ್ಪಾ ಅದು. ಮಾವನೂ ಇಂಥ ಎಷ್ಟು ಚಪ್ಪಡಿ ಕಳೆದುಕೊಂಡು ತಲೆ ಚಚ್ಚಿಕೊಂಡಿದ್ದಾರೋ!

ಅಷ್ಟು ದೂರ ಯಾಕೆ? ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರ, ಭೀಮಾ ದಡದ ಕನಗನಹಳ್ಳಿ ಸ್ತೂಪ ನೋಡಿ. ಅದೂ ನಮ್ಮ ಫರಸಿಯ ಹಾಗೆ ಸುಣ್ಣದ ಕಲ್ಲೇ. ಅದರ ಮೇಲೆ ಅಶೋಕನ ಚಿತ್ರ, ಪಕ್ಕದಲ್ಲಿ ಬ್ರಾಹ್ಮಿ ಲಿಪಿಯಲ್ಲಿ "ರಾಯೋ ಅಸೋಕೋ", ಅಂದರೆ ರಾಜ ಅಶೋಕ, ಅಂತ ಹೆಸರು. ದಾನ ಕೊಟ್ಟವರ ಹೆಸರುಗಳೂ ಕೆತ್ತಿವೆ, ದೇವಸ್ಥಾನದ ಫ್ಯಾನಿನ ಮೇಲೆ ಬರೆಸ್ತೀವಲ್ಲ, ಹಾಗೆ. ಮನುಷ್ಯರು! ಹುಣಸಗಿ ಪಕ್ಕದ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದಿನ ಕಲ್ಲಿನ ಕೊಡಲಿಗಳು ಸಿಕ್ಕಿವೆ. ನಮ್ಮಂಥ ಮನುಷ್ಯರೇ ಆಗ ಇನ್ನೂ ಹುಟ್ಟಿರಲಿಲ್ಲ. ಆದರೂ ನಮಗಿಂತ ಮುಂಚಿನ ಆದಿಮಾನವರು ಕಲ್ಲು ಆರಿಸಿ, ಕೂತು ಒಡೆದಿದ್ದಾರೆ. ಕೈ ಇದ್ದರೆ ಸಾಕು!

ಹಾಂ, ರಾಜನಕೋಳೂರಿನ ಕಲ್ಮನೆಗಳನ್ನ, ಅಂದರೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಹಳೇ ಕಾಲದ ಗೋರಿಗಳನ್ನ, ಮೋರ್ಯರು ಅನ್ನೋ ಕುಳ್ಳ ಜನ ಕಟ್ಟಿದರು ಅಂತ ಹಿರಿಯರು ಹೇಳುತ್ತಾರೆ. "ಅದನ್ನ ನಂಬ್ತೀಯಾ?" ಅಂತ ಕೇಳಬೇಡಿ. ಅಜ್ಜಿ ಹೇಳಿದರೆ ಕಥೆ. ನೀನು ಹೇಳಿದರೆ ತಲೆನೋವು.

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಈ ಸಲವಾದರೂ ಕಾಮೆಂಟಿಗಿಂತ ವಿಡಿಯೊಗೆ ಜಾಸ್ತಿ ಲೈಕು ಬರಲಿ. ಸ್ಕ್ರಿಪ್ಟಿನಲ್ಲಿ ಇನ್ನೂ ಮೂರು ಪಾಯಿಂಟ್ ಇತ್ತು, ಸಿಟ್ಟಿಗೆ ಮರೆತೇಹೋಯ್ತು. ಮನುಷ್ಯರು ಕಟ್ಟಿದ್ದು, ಅಷ್ಟೇ!

ತಮ್ಮಾ, ಬಸ್ ಚಾರ್ಜು ನಂದು. ಮೇ ತಿಂಗಳಲ್ಲೇ ಬಾ. ಮಾವನ ಸುತ್ತಿಗೆ ಕೊಡ್ತೀನಿ, ಒಂದೇ ಒಂದು ಚಪ್ಪಡಿ ಎಬ್ಬಿಸಿ ತೋರಿಸು. ಏಲಿಯನ್ನನ್ನೂ ಕರೆದುಕೊಂಡು ಬಾ, ರೊಟ್ಟಿ, ಶೇಂಗಾ ಹಿಂಡಿ ಇಬ್ಬರಿಗೂ ಇರುತ್ತೆ.